ಫ್ಯಾನು ತಿರುಗುತ್ತದೆ, ಪರದೆ ಕಪ್ಪು

ಲ್ಯಾಮಿಂಗ್ಟನ್ ರೋಡಿನ ಮೊದಲ ಮಾಳಿಗೆ,
ಕುರ್ಚಿಗೂ ಜಾಗವಿಲ್ಲದ ಅಂಗಡಿ.
ಸ್ಕ್ರೂಡ್ರೈವರಿನ ತುದಿಯಿಂದ ತೋರಿಸಿ ಪಾಂಚಾಳ ಹೇಳಿದ:
‘ತಾಈ, ಡಬ್ಬದ ಮೇಲೆ ಬರೆದದ್ದು ಮೂರು ಕೋರ್,
ಒಳಗಿರುವುದು ನಾಲ್ಕು.
ಒಂದಕ್ಕೆ ಕಂಪನಿಯವರೇ ಬೀಗ ಜಡಿದಿದ್ದಾರೆ.
ಬಯೋಸಿನಲ್ಲಿ ಒಂದು ಸಾಲು ಬದಲಿಸಿದರಾಯಿತು,
ಕೀಲಿಕೈ ಪುಕ್ಕಟೆ.’

ಪುಕ್ಕಟೆ ಎಂದ ಮೇಲೆ ಬೇಡವೆನ್ನಲು
ನಾನೇನು ಮಲಬಾರ್ ಹಿಲ್ಲಿನವಳೇ?

ಡೊಂಬಿವಲಿಯಲ್ಲಿ ನನ್ನದು ಒಂದೇ ಕೋಣೆಯ ಡಿಟಿಪಿ.
ಮದುವೆ ಕಾಗದ, ಪೂಜೆಯ ರಸೀದಿ,
ಸಂಘದ ಮಾಸಿಕ: ಅರವತ್ತನಾಲ್ಕು ಪುಟ,
ಅದರಲ್ಲಿ ಹದಿನೆಂಟು ಶ್ರದ್ಧಾಂಜಲಿ.
ನಾಲ್ಕನೆಯದು ಕೆಲಸಕ್ಕೆ ಸೇರಿದ ದಿನ
ಪುಟಗಳು ಕಾದ ಎಣ್ಣೆಗೆ ಬಿದ್ದ ಹಪ್ಪಳದಂತೆ ಅರಳಿದವು.
ತೀರಿಕೊಂಡವರೆಲ್ಲ ತಡವರಿಸದೆ ಬಂದು
ತಂತಮ್ಮ ಚೌಕಟ್ಟಿನಲ್ಲಿ ಕೂತರು.

ರಾತ್ರಿ ಹತ್ತೂಕಾಲಿಗೆ ಮಲಗಿಸಿದೆ.
ಬೆಳಿಗ್ಗೆ ಗುಂಡಿ ಒತ್ತಿದರೆ
ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ,
ಪರದೆ ಕಪ್ಪು.
ಉಸಿರಿದೆ, ಮಾತಿಲ್ಲ.

ಮೊದಲು ಕೇಬಲ್ಲಿನ ಮೇಲೆ ಗುಮಾನಿ.
ಆಮೇಲೆ ರ‍್ಯಾಮ್: ಕಿತ್ತು, ರಬ್ಬರಿನಿಂದ ಉಜ್ಜಿ,
ಊದಿ, ಮತ್ತೆ ಕೂರಿಸಿದೆ.
ಕೆಳಮನೆಯ ತಾಮ್ಹಣಕರ್ ಹುಡುಗ ಬಂದು
ಬಯೋಸು ತೆರೆದು ಪಾಠ ಹೇಳಿದ:
‘ಕಾಕೂ, ನಿದ್ದೆ ಎರಡು ಬಗೆ. ಎಸ್ ಒನ್, ಎಸ್ ತ್ರೀ.’
ಒಂದು ಕೋಳಿನಿದ್ದೆ, ಇನ್ನೊಂದು ಕುಂಭಕರ್ಣನದು,
ನನಗೆ ಅರ್ಥವಾದದ್ದು ಅಷ್ಟು.

ಕೋಳಿನಿದ್ದೆಯಿಂದ ಎದ್ದಿತು, ನಿಜ.
ಆದರೆ ರಾತ್ರಿಯಿಡೀ ಗುರ್ ಎನ್ನುತ್ತ
ಮೀಟರು ತಿರುಗಿಸಿದ್ದನ್ನು ನಿದ್ದೆ ಅನ್ನುತ್ತಾರೆಯೇ?
ವೋಲ್ಟೇಜು ಚಿಟಿಕೆಯಷ್ಟು ಏರಿಸಿದೆವು,
ಸಾರಿಗೆ ಉಪ್ಪು ಹಾಕಿದ ಹಾಗೆ, ಅಂದಾಜಿನಲ್ಲಿ.
ಮಲಗಿಸು, ಎಬ್ಬಿಸು. ಕಪ್ಪು.
ಇನ್ನೊಂದು ಚಿಟಿಕೆ.
ಮಲಗಿಸು, ಎಬ್ಬಿಸು. ಕಪ್ಪು.
ಹನ್ನೊಂದು ಸಲ. ಹಾಲಿನ ಲೆಕ್ಕದ ಪಕ್ಕದಲ್ಲಿ
ಕ್ಯಾಲೆಂಡರಿನ ಮೇಲೆ ಗುರುತು ಹಾಕಿಟ್ಟಿದ್ದೇನೆ.

ಕೊನೆಗೆ ನಾಲ್ಕನೆಯದಕ್ಕೆ ಮತ್ತೆ ಬೀಗ ಹಾಕಿ ಮಲಗಿಸಿದೆ.
ಬೆರಳು ತಾಗಿದ್ದೇ ತಡ, ಎದ್ದಿತು.
‘ದುಃಖತಪ್ತ’ ಎಂಬಲ್ಲಿ ನಿಂತಿದ್ದ ಕರ್ಸರು
ಅಲ್ಲಿಯೇ ಮಿಟುಕುತ್ತಿತ್ತು.

ಆಗ ಹೊಳೆಯಿತು.
ಅದಕ್ಕೆ ಲೆಕ್ಕ ತಪ್ಪುತ್ತಿರಲಿಲ್ಲ,
ಹಗಲಿಡೀ ಕೊಟ್ಟದ್ದನ್ನೆಲ್ಲ ಮಾಡುತ್ತಿತ್ತು.
ಮಲಗಿ ಎದ್ದಾಗ ಮಾತ್ರ
ಎಲ್ಲಿದ್ದೆ, ಏನು ಮಾಡುತ್ತಿದ್ದೆ ನೆನಪಾಗದೆ
ಕತ್ತಲಲ್ಲಿ ಕೂತುಬಿಡುತ್ತಿತ್ತು.
ಉಳಿದ ಮೂರೂ ಎದ್ದು, ಮುಖ ತೊಳೆದು, ಚಪ್ಪಲಿ ಮೆಟ್ಟಿ
ಬಾಗಿಲಲ್ಲಿ ಅದಕ್ಕಾಗಿ ನಿಂತಿದ್ದವು.
ಇಷ್ಟು ದಿನ ನಾನು ನೋಡುತ್ತಿದ್ದ ಕಪ್ಪು
ಆ ಮೂವರ ಕಾಯುವಿಕೆ.

ಇದು ಈ ಊರಿನ ಯಂತ್ರವಲ್ಲ.
ಇಲ್ಲಿ ಎಂಟು ಹದಿನಾಲ್ಕರ ಫಾಸ್ಟು ಯಾರಿಗೂ ನಿಲ್ಲದು.
ನಾನು ಫೋರ್ಟಿನ ಪ್ರೆಸ್ಸಿಗೆ ಹೋಗುತ್ತಿದ್ದ ಕಾಲದಲ್ಲಿ
ಲೇಡೀಸ್ ಡಬ್ಬಿಯ ಕಿಟಕಿಯ ಸೀಟು ಪ್ರಮೀಳಾ ಖೋತಳದು,
ಹನ್ನೆರಡು ವರ್ಷ.
ಒಂದು ಸೋಮವಾರ ಅವಳು ಬರಲಿಲ್ಲ.
ಠಾಣೆ ಬರುವುದರೊಳಗೆ ಅಲ್ಲಿ ಕೂತು
ಬಟಾಣಿ ಬಿಡಿಸುತ್ತಿದ್ದವಳು
ನಾನೇ.

ಪಾಂಚಾಳನಿಗೆ ಫೋನು ಮಾಡಿದರೆ ನಕ್ಕ:
‘ಮೂರರ ದುಡ್ಡು ಕೊಟ್ಟಿರಿ, ಮೂರು ಇದೆ. ಬೀಗ ಹಾಕಿಬಿಡಿ.’
ಹೂಂ ಅಂದೆ.
ಹಾಕಿದ ಬೀಗವನ್ನು ಸಂಜೆ ಮತ್ತೆ ತೆಗೆದೆ.

ಈಗ ಅದನ್ನು ಮಲಗಿಸುವುದಿಲ್ಲ.
ರಾತ್ರಿ ಪೂರ್ತಿ ಆರಿಸುತ್ತೇನೆ.
ಬೆಳಿಗ್ಗೆ ಎಲ್ಲರಿಗೂ ಎಲ್ಲವನ್ನೂ ಮೊದಲಿನಿಂದ ಹೇಳಬೇಕು,
ಎರಡೂವರೆ ನಿಮಿಷ.
ಚಹಾ ಕುದಿಯುವಾಗ ಪರದೆಯಲ್ಲಿ ಬಿಳಿ ಅಕ್ಷರಗಳು ಏರುತ್ತವೆ.
‘ನಾಲ್ಕು’ ಎಂದು ಕಾಣುವ ತನಕ
ಸ್ಟೌವಿನ ಕಡೆ ತಿರುಗುವುದಿಲ್ಲ.
ಮೂರು ಸಲ ಉಕ್ಕಿದೆ.

ಮಾಸಿಕ ಈ ತಿಂಗಳೂ ತಡವಾಯಿತು.
ಸಂಪಾದಕರು ಕೇಳಿದಾಗ
ಲೈಟು ಹೋಗಿತ್ತು ಅಂದೆ.